ಸೀಟಿನ ಕೆಳಗಿನ ಕಾಗದ

ಬೆಳಿಗ್ಗೆ ಆರೂವರೆ. ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಹಾಲಿನ ಬೂತಿನವರು ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ಬಿಳಿ ಕಾರು ಬಂದು ನಿಲ್ಲುತ್ತದೆ. ಹಿಂದಿನ ಗಾಜಿನ ಮೇಲೆ ಊರದೇವರ ಹೆಸರು, ಅದರ ಕೆಳಗೆ ಮಗನ ಹೆಸರು. ಯಲಹಂಕದಿಂದ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ. ನನ್ನ ಅಮ್ಮನನ್ನು ವಾರಕ್ಕೆರಡು ಸಲದಂತೆ ಮೂರು ವರ್ಷ ಡಯಾಲಿಸಿಸ್‌ಗೆ ಕರೆದೊಯ್ದವನು. ಅವನ ಹೆಸರನ್ನಾಗಲಿ, ನಾವಿಬ್ಬರೂ ಈಗ ಹೊರಟಿರುವ ಸರ್ಕಾರಿ ಆಸ್ಪತ್ರೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹಾಗೆಂದು ಅವನಿಗೆ ಮಾತು ಕೊಟ್ಟಿದ್ದೇನೆ.

ಮುಂದಿನ ಸೀಟಿನಲ್ಲಿ ಕೂರುತ್ತೇನೆ. ಅವನು ಸೀಟ್ ಬೆಲ್ಟ್ ಹಾಕಿಕೊಂಡಿದ್ದಾನೆ, ಆದರೆ ಬೆಲ್ಟಿನ ಕೆಳಗೆ ಮಡಿಸಿದ ಟವೆಲ್ ಇದೆ. ಗೇರ್ ಬದಲಿಸುವಾಗೆಲ್ಲ ಬಲಗೈ ಹೆಬ್ಬೆರಳಿನಿಂದ ಬೆಲ್ಟನ್ನು ಎದೆಯಿಂದ ಒಂದು ಅಂಗುಲ ಎತ್ತಿ ಹಿಡಿಯುತ್ತಾನೆ. ಹತ್ತು ದಿನದ ಹಿಂದೆ ಬಲಗಡೆ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿದೆ. ಯಲಹಂಕದ ಹಳೇ ಬೀದಿಯಲ್ಲೊಬ್ಬ ಅಜ್ಜ ಅದಕ್ಕೆ ಜಾಜು ಹಚ್ಚಿ ಕೊಟ್ಟಿದ್ದರಂತೆ. ಅಂಗಿಯ ಕೊರಳ ಪಟ್ಟಿಯ ಒಳಗೆ ಆ ಕೆಂಪು ಇನ್ನೂ ಕಾಣುತ್ತದೆ. ಉರಿ ತಡೆಯಲಾಗದೆ ನಮ್ಮ ಬೀದಿಯ ಡಾಕ್ಟರ ಹತ್ತಿರ ಬಂದಾಗ ಅವರು ಗುಳಿಗೆ ಬರೆದುಕೊಟ್ಟು, ಕೊನೆಗೆ ಒಂದು ಮಾತು ಕೇಳಿದರಂತೆ: ‘ಈ ವಯಸ್ಸಿಗೆ ಇದು ಇಷ್ಟು ಜೋರಾಗಿ ಬರಲ್ಲ. ರಕ್ತ ಪರೀಕ್ಷೆ ಯಾವಾಗಲಾದ್ರೂ ಮಾಡಿಸಿದ್ದೀಯಾ?’

ಮಾಡಿಸಿದ್ದ. ಎಂಟು ತಿಂಗಳ ಹಿಂದೆಯೇ.

ಮೇಖ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಅವನು ಬಗ್ಗಿ ತನ್ನ ಸೀಟಿನ ಕೆಳಗೆ ಕೈಹಾಕುತ್ತಾನೆ. ರಬ್ಬರ್ ಮ್ಯಾಟಿನ ಅಡಿಯಿಂದ ನಾಲ್ಕು ಮಡಿಕೆಯ ಕಾಗದ ಹೊರಗೆ ಬರುತ್ತದೆ. ಮಡಿಕೆಗಳಲ್ಲಿ ಧೂಳು ಗೆರೆಗಟ್ಟಿದೆ. ಯಾವುದೋ ಜ್ವರಕ್ಕೆಂದು ಒಂದು ಖಾಸಗಿ ಲ್ಯಾಬಿನಲ್ಲಿ ಕೊಟ್ಟ ರಕ್ತ. ಆರೇಳು ಜನ ಕೂತಿದ್ದ ಕಡೆ ಕೌಂಟರಿನಲ್ಲಿದ್ದವನು ಹೆಸರು ಕೂಗಿ, ಕಾಯಿಲೆಯ ಹೆಸರನ್ನೂ ಸೇರಿಸಿ ಹೇಳಿ, ಕಾಗದ ಚಾಚಿದನಂತೆ. ಅಂದು ಕಾಗದ ತೆಗೆದುಕೊಂಡು ಹೊರಗೆ ಬಂದವನು ದೇವನಹಳ್ಳಿವರೆಗೂ ಸುಮ್ಮನೆ ಗಾಡಿ ಓಡಿಸಿದನಂತೆ, ಬಾಡಿಗೆಯೇ ಇಲ್ಲದೆ. ಆಮೇಲೆ ಅದನ್ನು ಮ್ಯಾಟಿನ ಕೆಳಗೆ ಇಟ್ಟ. ಅದರ ಮೇಲೆ ಕೂತೇ ಎಂಟು ತಿಂಗಳು ಊರವರನ್ನೆಲ್ಲ ವಿಮಾನಕ್ಕೆ ಬಿಟ್ಟು ಬಂದ.

‘ನಿಮ್ಮಣ್ಣನ ವಿಷ್ಯ ನೀವು ಹೇಳಿದ್ರಲ್ಲ ಅಕ್ಕ, ಅದಕ್ಕೇ ನಿಮಗೆ ಫೋನ್ ಮಾಡ್ದೆ,’ ಅನ್ನುತ್ತಾನೆ. ಸಿಗ್ನಲ್ ಹಸಿರಾಗುತ್ತದೆ.

ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋದ ಯಾವುದೋ ಸಂಜೆ, ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಕದಲದೆ ನಿಂತಿದ್ದಾಗ ಹೇಳಿದ್ದೆ. ಅಣ್ಣ ಅಂದರೆ ಚಿಕ್ಕಪ್ಪನ ಮಗ. ಗಂಗಾನಗರದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ. 2005ರಲ್ಲಿ ಅವನಿಗೆ ಎಚ್‌ಐವಿ ಇದೆಯೆಂದು ತಿಳಿಯಿತು. ಅಣ್ಣ ಹೆದರಿ ಅಡಗಿ ಕೂರಲಿಲ್ಲ. ಮರುವಾರವೇ ಆಸ್ಪತ್ರೆಗೆ ಹೋದ. ಅದಕ್ಕೂ ಒಂದು ವರ್ಷ ಮೊದಲು, 2004ರ ಏಪ್ರಿಲ್ 1ರಂದು, ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳನ್ನು ಉಚಿತವಾಗಿ ಕೊಡಲು ಶುರುಮಾಡಿತ್ತು. ಕರ್ನಾಟಕದಲ್ಲಿ ಮೊದಲು ಅದು ಸಿಕ್ಕಿದ್ದು ಬೌರಿಂಗ್ ಆಸ್ಪತ್ರೆಯಲ್ಲಿ. ಆದರೆ ಆಗಿನ ನಿಯಮದ ಪ್ರಕಾರ ಮೈಯಲ್ಲಿ ದೊಡ್ಡ ಕಾಯಿಲೆಯ ಲಕ್ಷಣವಿಲ್ಲದವರಿಗೆ ರಕ್ತದಲ್ಲಿನ ಸಿಡಿ4 ಎಂಬ ರಕ್ಷಕ ಕೋಶಗಳ ಎಣಿಕೆ 200ಕ್ಕಿಂತ ಕೆಳಗೆ ಇಳಿದ ಮೇಲಷ್ಟೇ ಗುಳಿಗೆ. ಅಣ್ಣನದು 268. ‘ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ’ ಅಂದರು. ಅಣ್ಣ ‘ಚೆನ್ನಾಗಿದೆ’ ಅನ್ನುವುದನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದ. ನಾವೂ ಅಷ್ಟನ್ನೇ ಕೇಳಿಸಿಕೊಂಡೆವು. ಚಿಕ್ಕಮ್ಮ ಅವತ್ತು ಪಾಯಸ ಮಾಡಿದ್ದರು. ಹದಿನಾಲ್ಕು ತಿಂಗಳ ಮೇಲೆ ಅವನು ಮತ್ತೆ ಆಸ್ಪತ್ರೆ ಸೇರಿದಾಗ ಟಿಬಿ ಮೆದುಳಿನ ಪೊರೆಗೆ ಏರಿತ್ತು. 2007ರ ಮಳೆಗಾಲದಲ್ಲಿ ಹೋದ.

ಆ ಡಾಕ್ಟರರನ್ನು ನಾನು ಎಂದೂ ದೂರಿಲ್ಲ. ಆಗ ಪ್ರಪಂಚದ ತಿಳಿವಳಿಕೆ ಅಷ್ಟೇ ಇತ್ತು, ಗುಳಿಗೆಯೂ ಅಷ್ಟೇ ಇತ್ತು. ಆ 200 ಮುಂದೆ 350 ಆಯಿತು, ಆಮೇಲೆ 500. 2015ರಲ್ಲಿ ‘ಸ್ಟಾರ್ಟ್’ ಎಂಬ ಅಧ್ಯಯನದ ಫಲಿತಾಂಶ ಬಂತು. 35 ದೇಶಗಳ 4,685 ಜನ, ಎಲ್ಲರ ಸಿಡಿ4 500ಕ್ಕಿಂತ ಮೇಲಿದ್ದವರೇ. ಅರ್ಧ ಜನಕ್ಕೆ ತಕ್ಷಣ ಗುಳಿಗೆ, ಇನ್ನರ್ಧಕ್ಕೆ ಎಣಿಕೆ 350ಕ್ಕೆ ಇಳಿದ ಮೇಲೆ. ತಕ್ಷಣ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು ಶೇಕಡ 57ರಷ್ಟು ಕಡಿಮೆ. 2017ರಿಂದ ನಮ್ಮ ದೇಶದಲ್ಲಿ ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಗುಳಿಗೆ. ಅಣ್ಣ ಬಾಗಿಲು ತಟ್ಟಿದಾಗ ಅದು ತೆರೆದಿರಲಿಲ್ಲ. ಈ ಹುಡುಗನಿಗೆ ಬಾಗಿಲು ಎಂಟು ತಿಂಗಳಿಂದ ತೆರೆದೇ ಇತ್ತು, ಇವನು ಬಂದಿರಲಿಲ್ಲ. ಅವನ ಪಕ್ಕ ಕೂತಿರುವಾಗ ನನಗೆ ಸಂಕಟ ಕೊಡುತ್ತಿರುವುದು ಇದೇ.

ಸಿ.ವಿ. ರಾಮನ್ ರಸ್ತೆಯಲ್ಲಿ ಸಾಗುತ್ತೇವೆ. ವಿಜ್ಞಾನ ಸಂಸ್ಥೆಯ ಮರಗಳು ಎರಡು ನಿಮಿಷ ತಂಪು ಕೊಟ್ಟು ಹಿಂದಾಗುತ್ತವೆ. ಯಶವಂತಪುರ ಬಂದ ಕೂಡಲೇ ಲಾರಿಗಳು. ಎಪಿಎಂಸಿ ಯಾರ್ಡಿಗೆ ಈರುಳ್ಳಿ ಇಳಿಸಿ ಬಂದ ಲಾರಿಗಳ ಪಕ್ಕದಲ್ಲಿ ಕ್ಲೀನರುಗಳು ಹಲ್ಲುಜ್ಜುತ್ತಿದ್ದಾರೆ. ತೊಂಬತ್ತರ ದಶಕದಲ್ಲಿ ಊರಿನ ಗೋಡೆಗಳ ಮೇಲೆ ಈ ಕಾಯಿಲೆಯ ಎಚ್ಚರಿಕೆ ಬರೆಸಿದಾಗ ತಲೆಬುರುಡೆಯನ್ನೂ ಬರೆಸಿದ್ದರು. ನಾನು ಹೈಸ್ಕೂಲಿಗೆ ಹೋಗುವ ದಾರಿಯಲ್ಲೇ ಒಂದಿತ್ತು. ಜನ ಎಚ್ಚರಗೊಂಡರೋ ಇಲ್ಲವೋ, ಹೆದರಿಕೆಯಂತೂ ಮನಸ್ಸಿನಲ್ಲಿ ಉಳಿಯಿತು. ಆ ಬಣ್ಣ ಮಾಸಿ ಇಷ್ಟು ವರ್ಷವಾದರೂ ಈ ಹುಡುಗ ಹೆದರಿರುವುದು ಆ ಬುರುಡೆಗೇ. ಆಗ ಇವನು ಹುಟ್ಟಿ ಎರಡು ವರ್ಷವಾಗಿತ್ತೋ ಏನೋ.

ಕಾರನ್ನು ರೈಲ್ವೆ ಸ್ಟೇಷನ್ನಿನ ಹತ್ತಿರ ನಿಲ್ಲಿಸುತ್ತಾನೆ. ಇಲ್ಲಿಂದ ಮೆಟ್ರೊ. ‘ಗಾಡಿ ಆಸ್ಪತ್ರೆ ಮುಂದೆ ನಿಂತ್ರೆ ಯಾರಾದ್ರೂ ನೋಡ್ತಾರೆ ಅಕ್ಕ.’ ಯಲಹಂಕದಲ್ಲೇ ಪರೀಕ್ಷೆ ಮಾಡಿಸಬಹುದಿತ್ತು. ಅಲ್ಲಿನ ಆಸ್ಪತ್ರೆಯ ಗೇಟಿನ ಹತ್ತಿರ ಅವನ ಭಾವನ ಹೂವಿನ ಅಂಗಡಿ. ಹಾಗಾಗಿ ಊರು ದಾಟಿ ಇಷ್ಟು ದೂರ. ರೈಲು ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ನಿಂತು ಹೊರಡುತ್ತದೆ. ಅವನು ಕೂರುವುದಿಲ್ಲ. ಕಂಬ ಹಿಡಿದು, ಪಕ್ಕೆಗೆ ಯಾರೂ ತಾಗದಂತೆ ಮೂಲೆಯಲ್ಲಿ ನಿಂತಿರುತ್ತಾನೆ.

*

ಆಸ್ಪತ್ರೆಯ ಹಳೇ ಕಟ್ಟಡದ ಕಾರಿಡಾರಿನ ಕೊನೆಯಲ್ಲಿ ಐಸಿಟಿಸಿ. ಬೋರ್ಡಿನಲ್ಲಿ ‘ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ ಎಂದಿದೆ. ಒಳಗೆ ಕೂತಿರುವ ಸಮಾಲೋಚಕಿಗೆ ಐವತ್ತರ ಆಸುಪಾಸು. ಹತ್ತಿಸೀರೆ, ಮೇಜಿನ ಮೇಲೆ ಸ್ಟೀಲ್ ನೀರಿನ ಬಾಟಲಿ. ಮೊದಲು ನನ್ನನ್ನು ನೋಡುತ್ತಾರೆ. ‘ಇವರು ಇಲ್ಲಿ ಇರಬಹುದಾ?’ ಎಂದು ಅವನನ್ನು ಕೇಳುತ್ತಾರೆ. ಅವನು ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಎದ್ದು ಬಾಗಿಲು ಮುಚ್ಚಿ ಬರುತ್ತಾರೆ.

ಸೀಟಿನ ಕೆಳಗಿನ ಕಾಗದವನ್ನು ಬಿಡಿಸಿ ಓದಿ, ಪಕ್ಕಕ್ಕಿಡುತ್ತಾರೆ. ಖಾಸಗಿ ಲ್ಯಾಬಿನ ಒಂದು ಚೀಟಿಯ ಮೇಲೆ ಯಾರನ್ನೂ ಪಾಸಿಟಿವ್ ಎಂದು ದಾಖಲಿಸುವುದಿಲ್ಲ, ಇಲ್ಲಿ ಮತ್ತೆ ನೋಡಬೇಕು. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ಅದೇ ರಕ್ತ ಪರೀಕ್ಷಿಸುತ್ತಾರೆ. ಮೂರೂ ಒಂದೇ ಮಾತು ಹೇಳಿದರೆ ಖಚಿತ. ಅವನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಾನೆ. ಅಕ್ಷರ ಅಂಕುಡೊಂಕಾಗಿ ಬರುತ್ತದೆ.

ಲ್ಯಾಬಿನಲ್ಲಿ ಹೆಸರು ಕೂಗಿದ್ದನ್ನು ಹೇಳಿದಾಗ ಆಕೆಯ ಮುಖ ಗಂಟಾಗುತ್ತದೆ. 2017ರಲ್ಲಿ ಎಚ್‌ಐವಿ ಕಾಯ್ದೆ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸ್ಥಿತಿಯನ್ನು ಬೇರೆಯವರಿಗೆ ಹೇಳುವಂತಿಲ್ಲ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ‘ಅವತ್ತು ನಿಮಗೆ ಆಗಿದ್ದು ತಪ್ಪು,’ ಅನ್ನುತ್ತಾರೆ. ಎಂಟು ತಿಂಗಳಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಅವನು ಯಾರಿಗಾದರೂ ತಿಳಿಸಿರಬೇಕಿತ್ತಲ್ಲ. ಅವನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ.

ಹೊರಗಿನ ಬೆಂಚಿನಲ್ಲಿ ಕಾಯುತ್ತೇವೆ. ಮೂರೂ ಕಿಟ್‌ಗಳು ಮುಗಿಯಲು ಮುಕ್ಕಾಲು ಗಂಟೆಯಾಗುತ್ತದೆ. ಮೂರೂ ಪಾಸಿಟಿವ್. ಅವನಿಗೆ ಗೊತ್ತಿದ್ದದ್ದೇ, ಆದರೂ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒರೆಸಿಕೊಳ್ಳುತ್ತಲೇ ಇರುತ್ತಾನೆ.

ಇಲ್ಲಿಂದ ಎಆರ್‌ಟಿ ಕೇಂದ್ರಕ್ಕೆ ಇನ್ನೊಂದು ಕಟ್ಟಡ. ನಡುವೆ ಒಂದು ಅಂಗಳ, ಒಂದು ಹೊಂಗೆಮರ, ಸೈಕಲ್ ಸ್ಟ್ಯಾಂಡು, ಗೇಟು. ಸಮಾಲೋಚಕಿ ಕೈಗೆ ಚೀಟಿ ಕೊಟ್ಟು ‘ಅಲ್ಲಿ ಹೋಗಿ’ ಎಂದು ಬೆರಳು ತೋರಿಸಿ ಕೂರುವುದಿಲ್ಲ. ತಾವೇ ಎದ್ದು ಬರುತ್ತಾರೆ. ‘ಈ ಅಂಗಳದಲ್ಲೇ ಜನ ಕಳೆದುಹೋಗೋದು. ಊಟ ಮಾಡ್ಕೊಂಡ್ ಬರ್ತೀನಿ ಅಂತ ಗೇಟ್ ಕಡೆ ಹೋದೋರು ಎಷ್ಟೋ ಜನ ಮತ್ತೆ ಬರೋದು ಸ್ಟ್ರೆಚರ್ ಮೇಲೆ,’ ಅನ್ನುತ್ತಾರೆ. ಎಂಬತ್ತು ಹೆಜ್ಜೆ ಇರಬಹುದು. ಅವನು ಗೇಟಿನ ಕಡೆ ಒಮ್ಮೆ ನೋಡುವುದನ್ನು ನಾನು ನೋಡುತ್ತೇನೆ. ಆಕೆಯೂ ನೋಡುತ್ತಾರೆ. ಏನೂ ಮಾತಾಡದೆ ಅವನ ಎಡಗಡೆಗೆ, ಗೇಟಿರುವ ಕಡೆಗೆ, ಬಂದು ನಡೆಯುತ್ತಾರೆ.

*

ಎಆರ್‌ಟಿ ಕೇಂದ್ರದಲ್ಲಿ ಟೋಕನ್ ನಂಬರ್ ಕೂಗುತ್ತಾರೆ, ಹೆಸರನ್ನಲ್ಲ. ಬೆಂಚುಗಳು ತುಂಬಿವೆ. ಮೊಮ್ಮಗಳ ಜಡೆ ಹಾಕುತ್ತಿರುವ ಅಜ್ಜಿ. ಕಂಪನಿಯ ಐಡಿ ಕಾರ್ಡನ್ನು ಅಂಗಿಯ ಜೇಬಿಗೆ ತುರುಕಿಕೊಂಡಿರುವ ಯುವಕ. ಹೂ ಮುಡಿದು ಜೋರಾಗಿ ನಗುತ್ತಿರುವ ಮಂಗಳಮುಖಿಯೊಬ್ಬರು ಸರಿದು ನಮಗೆ ಜಾಗ ಮಾಡಿಕೊಡುತ್ತಾರೆ. ಇವನ ಮುಖ ನೋಡಿಯೇ ‘ಹೊಸಬನಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ, ‘ನಂದು ಹನ್ನೊಂದು ವರ್ಷ ಆಯ್ತು’ ಅನ್ನುತ್ತಾರೆ. ಈ ಕಾಯಿಲೆಯವರನ್ನು ಇವನು ಕಲ್ಪಿಸಿಕೊಂಡಿದ್ದೇ ಬೇರೆ ಇರಬೇಕು. ಸುತ್ತ ನೋಡುತ್ತಾನೆ. 2021ರ ರಾಷ್ಟ್ರೀಯ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರು ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ನಮ್ಮ ಪಕ್ಕವೇ ಕೂತಿರುತ್ತಾರೆ.

ಡಾಕ್ಟರು ಮೊದಲು ಕೇಳುವುದು ನಾಲ್ಕು ಪ್ರಶ್ನೆ. ಕೆಮ್ಮು ಇದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ. ಇನ್ನು ಮುಂದೆ ಅವನು ಇಲ್ಲಿಗೆ ಬಂದಾಗೆಲ್ಲ ಈ ನಾಲ್ಕನ್ನೂ ಕೇಳುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿ ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಟಿಬಿ. ಆಮೇಲೆ ಐದನೆಯ ಪ್ರಶ್ನೆ: ತಲೆನೋವು? ಕತ್ತು ಬಿಗಿಯೋದು? ಮೆದುಳಿನ ಪೊರೆಯಲ್ಲಿ ಟಿಬಿಯೋ ಶಿಲೀಂಧ್ರವೋ ಅಡಗಿದ್ದರೆ ಎಚ್‌ಐವಿ ಗುಳಿಗೆಯನ್ನು ಅವಸರದಲ್ಲಿ ಕೊಟ್ಟರೆ ಅಪಾಯ. ಮೊದಲು ಅದಕ್ಕೆ ಮದ್ದು ಮಾಡಿ, ಕೆಲವು ವಾರ ಬಿಟ್ಟು ಇದನ್ನು ಶುರುಮಾಡಬೇಕು. ಇವನಿಗೆ ಅದಾವುದೂ ಇಲ್ಲ. ತೂಕ ಮಾತ್ರ ಆರು ಕಿಲೋ ಇಳಿದಿದೆ. ಎದೆಯ ಎಕ್ಸ್‌ರೇ ನೋಡುತ್ತಾರೆ, ಸ್ವಚ್ಛವಾಗಿದೆ.

ರಕ್ತ ತೆಗೆಯುವ ಸಿಸ್ಟರು ಟ್ಯೂಬುಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಹಿಮೋಗ್ಲೋಬಿನ್, ಸಕ್ಕರೆ, ಲಿವರ್, ಹೆಪಟೈಟಿಸ್ ಬಿ ಮತ್ತು ಸಿ, ಕ್ರಿಯಾಟಿನಿನ್. ಆ ಕೊನೆಯ ಹೆಸರು ಕೇಳಿ ನನ್ನ ಹೊಟ್ಟೆ ಒಮ್ಮೆ ಹಿಂಡುತ್ತದೆ, ಅಮ್ಮನ ಫೈಲು ತುಂಬ ಅದೇ ಇತ್ತು. ಕೊಡಲಿರುವ ಗುಳಿಗೆಯಲ್ಲಿ ಟೆನೊಫೊವಿರ್ ಇರುವುದರಿಂದ ಮೂತ್ರಪಿಂಡ ಸರಿಯಿದೆಯೇ ಎಂದು ನೋಡಲೇಬೇಕು. ಕೊನೆಗೆ ನೇರಳೆ ಮುಚ್ಚಳದ ಟ್ಯೂಬು. ಅದು ತುಂಬಿದ ಮೇಲೆ ಸಿಸ್ಟರು ಅದನ್ನು ಕುಲುಕುವುದಿಲ್ಲ. ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ತಲೆಕೆಳಗು ಮಾಡುತ್ತಾರೆ, ನೆಟ್ಟಗೆ ಮಾಡುತ್ತಾರೆ, ಮತ್ತೆ ತಲೆಕೆಳಗು. ಎಂಟು ಸಲ. ರಕ್ತ ಹೆಪ್ಪುಗಟ್ಟಬಾರದು, ಜೀವಕೋಶ ಒಡೆಯಲೂಬಾರದು. ಸಿಡಿ4 ಎಣಿಸುವುದು ಇದರಲ್ಲೇ.

ಒಂದು ರಾಗಿಕಾಳಿನಷ್ಟು ರಕ್ತದ ಹನಿ ಎಂದುಕೊಳ್ಳಿ. ಆರೋಗ್ಯವಂತರ ಅಷ್ಟು ಹನಿಯಲ್ಲಿ 500ರಿಂದ 1,500 ಸಿಡಿ4 ಕೋಶಗಳಿರುತ್ತವೆ. ಮೈಗೆ ರೋಗ ಹೊಕ್ಕಾಗ ಉಳಿದ ರಕ್ಷಕ ಕೋಶಗಳನ್ನು ಎಬ್ಬಿಸುವ ಕೆಲಸ ಅವುಗಳದು. ಎಚ್‌ಐವಿ ವೈರಸ್ ಹುಡುಕಿಕೊಂಡು ಹೋಗಿ ಸೇರುವುದು ಅವುಗಳನ್ನೇ. ಎಣಿಕೆ ಇಳಿಯುವಾಗ ನೋವಿಲ್ಲ, ಸದ್ದಿಲ್ಲ. ಎಂಟು ತಿಂಗಳು ಇವನು ದಿನಕ್ಕೆ ಹದಿನಾಲ್ಕು ಗಂಟೆ ಗಾಡಿ ಓಡಿಸಿದ್ದಾನೆ, ಸರ್ಪಸುತ್ತು ಏಳುವವರೆಗೆ ಮೈ ಒಂದು ಮಾತೂ ಹೇಳಿಲ್ಲ. ಅಣ್ಣನಿಗೂ ಹಾಗೇ. ಆಸ್ಪತ್ರೆ ಸೇರುವ ಹಿಂದಿನ ತಿಂಗಳವರೆಗೂ ಪ್ರೆಸ್ಸಿಗೆ ಹೋಗುತ್ತಿದ್ದ.

‘ಕೆರೆ ಗೊತ್ತಲ್ಲ ನಿಮಗೆ?’ ಎಂದು ಸಮಾಲೋಚಕಿ ಅವನನ್ನು ಕೇಳುತ್ತಾರೆ. ಅವನು ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವನು. ಹಳೇ ಕಾಗದದ ಹಿಂಬದಿಯಲ್ಲಿ ಕೆರೆಯೊಂದನ್ನು ಬರೆದು, ಏರಿ ಎಳೆದು, ಏರಿಯಲ್ಲಿ ಒಂದು ಬಿರುಕು ಬರೆಯುತ್ತಾರೆ. ‘ನೀರಿನ ಮಟ್ಟ ಅಂದ್ರೆ ಸಿಡಿ4. ಈ ಬಿರುಕು ಎಷ್ಟು ದೊಡ್ಡದು ಅನ್ನೋದು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು. ಗುಳಿಗೆ ಬಿರುಕಿಗೆ ಮಣ್ಣು ಹಾಕುತ್ತೆ. ಅದು ಬೇಗ ಮುಚ್ಚುತ್ತೆ. ನೀರು ತುಂಬೋಕೆ ಮಾತ್ರ ಟೈಮ್ ಬೇಕು, ಮಳೆ ಬಂದ ಹಾಗೆ ತುಂಬುತ್ತೆ. ಮಟ್ಟ ಎಷ್ಟಿದೆ ನೋಡ್ಕೊಂಡು ಆಮೇಲೆ ಮಣ್ಣು ಹಾಕೋಣ ಅಂತ ನಿಮ್ಮೂರಲ್ಲಿ ಯಾರಾದ್ರೂ ಅಂತಾರಾ?’

ಅವನು ಇಲ್ಲ ಅನ್ನುತ್ತಾನೆ. ಆ ದಿನ ಅವನ ದನಿ ಮೊದಲ ಸಲ ನೆಟ್ಟಗೆ ಬಂದದ್ದು ಆಗಲೇ.

ಹಾಗಾಗಿ ಸಿಡಿ4 ಫಲಿತಾಂಶಕ್ಕೆ ಕಾಯುವುದಿಲ್ಲ. ಸೋಂಕು ಖಚಿತವಾದ ಏಳು ದಿನದೊಳಗೆ, ರೋಗಿ ಸಿದ್ಧನಿದ್ದರೆ ಅದೇ ದಿನ, ಗುಳಿಗೆ ಶುರುಮಾಡಬಹುದು. ‘ಇವತ್ತೇ ಕೊಡಿ,’ ಅನ್ನುತ್ತಾನೆ. ಔಷಧಿ ಕಿಟಕಿಯಲ್ಲಿ ಮೂವತ್ತು ಗುಳಿಗೆಯ ಡಬ್ಬಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು, ಊಟಕ್ಕೆ ಮೊದಲಾದರೂ ಆದೀತು, ಆಮೇಲಾದರೂ ಆದೀತು.

ಫಾರ್ಮಸಿಸ್ಟು ಡಬ್ಬಿ ಕೊಡುವ ಮೊದಲು ಬೇರೆ ಯಾವ ಔಷಧಿ ತಗೋತೀರಿ ಎಂದು ಕೇಳುತ್ತಾರೆ. ಏನೂ ಇಲ್ಲ ಅನ್ನುತ್ತಾನೆ. ‘ಗ್ಯಾಸ್ಟ್ರಿಕ್‌ಗೆ?’ ಅದಾ, ಅದಿದೆ. ಹೊತ್ತುಗೊತ್ತಿಲ್ಲದ ಊಟ, ಏರ್‌ಪೋರ್ಟ್ ಪಾರ್ಕಿಂಗಿನ ಟೀ. ಡ್ಯಾಶ್‌ಬೋರ್ಡಿನಲ್ಲಿ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ ಸದಾ ಇರುತ್ತದೆ, ನಾನೇ ನೋಡಿದ್ದೇನೆ. ಅದನ್ನು ಔಷಧಿ ಎಂದು ಅವನು ಲೆಕ್ಕಕ್ಕೇ ಹಿಡಿದಿಲ್ಲ. ಆದರೆ ಆಂಟಾಸಿಡ್ಡಿನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. ಆಂಟಾಸಿಡ್ ಕುಡಿಯುವ ಎರಡು ಗಂಟೆ ಮೊದಲು, ಇಲ್ಲವೇ ಕುಡಿದ ಆರು ಗಂಟೆ ನಂತರ ಈ ಗುಳಿಗೆ ತೆಗೆದುಕೊಳ್ಳಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗಳಿಗೂ ಇಂಥದೇ ಎಚ್ಚರಿಕೆ ಇದೆ. ಆ ಒಂದು ಪ್ರಶ್ನೆ ಕೇಳದೆ ಡಬ್ಬಿ ಕೊಟ್ಟಿದ್ದರೆ ಇವನು ದಿನವೂ ನಿಯತ್ತಾಗಿ ಗುಳಿಗೆ ನುಂಗುತ್ತಿದ್ದ, ಅದು ಪೂರ್ತಿ ಕೆಲಸ ಮಾಡುತ್ತಿರಲಿಲ್ಲ. ಬೆಳಗಿನ ಐದು ಗಂಟೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು ಎಂದು ಗೊತ್ತುಮಾಡುತ್ತಾರೆ. ಫೋನಿನಲ್ಲಿ ಅಲಾರಂ ಇಡುತ್ತಾನೆ. ಅದಕ್ಕೆ ‘ಟೈರ್ ಗಾಳಿ’ ಎಂದು ಹೆಸರು ಕೊಡುತ್ತಾನೆ.

*

ಮೂರನೆಯ ದಿನ ಅವನಿಗೆ ಫೋನು. ‘ಇವತ್ತೇ ಬನ್ನಿ.’ ಈ ಸಲ ಗಾಡಿಯನ್ನು ಯಶವಂತಪುರದಲ್ಲಿ ಬಿಡುವುದಿಲ್ಲ, ನೇರ ಆಸ್ಪತ್ರೆಗೇ ಹೋಗುತ್ತೇವೆ.

ಸಿಡಿ4 186.

‘ಪಾಸಾ ಫೇಲಾ ಮೇಡಂ?’ ಎಂದು ಕೇಳುತ್ತಾನೆ. ಡಾಕ್ಟರು ಪೆನ್ನು ಕೆಳಗಿಟ್ಟು ಹೇಳುತ್ತಾರೆ: ಒಂದು ಎಣಿಕೆಯಿಂದ ಏನನ್ನೂ ತೀರ್ಮಾನಿಸಬೇಡಿ. ಬೆಳಿಗ್ಗೆ ಕಡಿಮೆ ಇರುತ್ತೆ, ಸಂಜೆ ಏರುತ್ತೆ. ಜ್ವರ ಬಂದರೆ ಇಳಿಯುತ್ತೆ, ಈ ಸರ್ಪಸುತ್ತಿನಿಂದಲೂ ಸ್ವಲ್ಪ ಇಳಿದಿರಬಹುದು. ಆದರೆ 200ಕ್ಕಿಂತ ಕೆಳಗೆ ಬಂದವರ ಮೇಲೆ ನಾವು ಇನ್ನಷ್ಟು ಕಣ್ಣಿಡುತ್ತೇವೆ. ಕೆಲಸ ಅಲ್ಲೇ ಶುರುವಾಗುತ್ತದೆ. ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಸುಳಿವಿದೆಯೇ ಎಂದು ನೋಡಲು ಒಂದಿಷ್ಟು ರಕ್ತ. ತಲೆನೋವು ಬರುವ ಎಷ್ಟೋ ವಾರ ಮೊದಲೇ ಈ ಪರೀಕ್ಷೆ ಅದನ್ನು ಹಿಡಿದುಕೊಡುತ್ತದೆ. ಮೂತ್ರದಲ್ಲಿ ಟಿಬಿಯ ಗುರುತು ಹುಡುಕುವ ಇನ್ನೊಂದು ಪರೀಕ್ಷೆ. ಎರಡೂ ನೆಗೆಟಿವ್. ನ್ಯುಮೋನಿಯಾ ಬಾರದಂತೆ ಕೋಟ್ರಿಮಾಕ್ಸಜೋಲ್, ದಿನಕ್ಕೊಂದು. ಅದಕ್ಕೆ ಮೊದಲು ಸಲ್ಫಾ ಅಲರ್ಜಿ ಇದೆಯಾ ಎಂಬ ವಿಚಾರಣೆ. ಎಣಿಕೆ 350 ದಾಟಿ ಎರಡು ಸಲ ಅಲ್ಲೇ ನಿಂತ ಮೇಲೆ ಅದನ್ನು ಬಿಡಬಹುದು. ಟಿಬಿ ಬಾರದಂತೆ ಐಸೊನಿಯಾಜಿಡ್ ಆರು ತಿಂಗಳು, ಜೊತೆಗೆ ನರಗಳಿಗೆ ತೊಂದರೆಯಾಗದಂತೆ ಬಿ6.

ಅಣ್ಣನಿಗೆ 268 ಇದ್ದಾಗ ಇದರಲ್ಲಿ ಯಾವುದೂ ಸಿಕ್ಕಿರಲಿಲ್ಲ. ಇವನಿಗೆ 186, ಎಲ್ಲವೂ ಒಂದೇ ಮಧ್ಯಾಹ್ನ, ಒಂದು ರೂಪಾಯಿ ಖರ್ಚಿಲ್ಲದೆ ಸಿಕ್ಕಿದೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಟೀ ತರಿಸಿಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತೇನೆ. ಅವನು ಏನೂ ಕೇಳುವುದಿಲ್ಲ.

*

ಹೆಂಡತಿಗೆ ಹೇಳಬೇಕು. ಇದನ್ನು ಸಮಾಲೋಚಕಿ ಮೊದಲ ದಿನದಿಂದಲೂ ಹೇಳುತ್ತಿದ್ದರು. ಎರಡನೆಯ ವಾರ ಅವಳನ್ನು ಕರೆತರುತ್ತಾನೆ. ಎಂಟು ತಿಂಗಳಿಂದ ನೈಟ್ ಡ್ಯೂಟಿ ಎಂದು ಹೇಳಿ ಕಾರಿನಲ್ಲೇ ಮಲಗುತ್ತಿದ್ದನಂತೆ, ಅವಳಿಗೆ ಸೋಂಕು ತಗಲಬಾರದೆಂದು. ಅವಳು ಬೇರೆಯೇ ಅರ್ಥ ಮಾಡಿಕೊಂಡು, ಎರಡು ಸಲ ತವರಿಗೆ ಹೋಗಿ ಬಂದಿದ್ದಾಳೆ. ಮುಚ್ಚಿದ ಬಾಗಿಲಿನ ಒಳಗೆ ಏನು ಮಾತಾಯಿತೋ ನಾನು ಹೊರಗಿದ್ದೆ. ಹೊರಗೆ ಬಂದವಳು ಅವನ ಅಂಗಿಯ ಕೊನೆಯ ಗುಂಡಿ ಹಿಡಿದುಕೊಂಡು, ‘ಇಷ್ಟು ದಿನ ಒಬ್ರೇ ಹೊತ್ಕೊಂಡು ತಿರುಗಿದ್ರಾ?’ ಅನ್ನುತ್ತಾಳೆ. ಅಷ್ಟೇ. ಆಮೇಲೆ ಅತ್ತವನು ಅವನು.

ಅವಳ ಪರೀಕ್ಷೆ ನೆಗೆಟಿವ್. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಅದು ಕಾಣಿಸದೇ ಇರಬಹುದು, ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಆದರೆ ಇವರು ಎಂಟು ತಿಂಗಳಿಂದ ದೂರವೇ ಇದ್ದುದರಿಂದ ಆ ಅನುಮಾನ ಉಳಿದಿರಲಿಲ್ಲ. ತಾಯಿಗಿಲ್ಲದ ಸೋಂಕು ಹುಟ್ಟುವಾಗ ಮಗನಿಗೆ ಬಂದಿರಲು ಸಾಧ್ಯವೇ ಇಲ್ಲ ಎಂದು ಸಮಾಲೋಚಕಿ ಎರಡೆರಡು ಸಲ ಹೇಳಬೇಕಾಯಿತು.

*

ಡಿಸೆಂಬರ್. ಹೆಬ್ಬಾಳ ಕೆರೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ನಿಂತಿವೆ. ಅವನ ಬೆಲ್ಟಿನ ಕೆಳಗೆ ಟವೆಲ್ ಇಲ್ಲ. ತೂಕ ಐದು ಕಿಲೋ ಹೆಚ್ಚಿದೆ. ಆರು ತಿಂಗಳಲ್ಲಿ ತಪ್ಪಿದ್ದು ಒಂದು ಗುಳಿಗೆ, ಊರಹಬ್ಬದ ಬೆಳಿಗ್ಗೆ. ನೆನಪಾದ ಕೂಡಲೇ ಹತ್ತು ಗಂಟೆಗೆ ನುಂಗಿದ್ದಾನೆ. ಅದನ್ನೂ ಡಾಕ್ಟರಿಗೆ ತಾನಾಗಿಯೇ ಹೇಳುತ್ತಾನೆ.

ಆರನೆಯ ತಿಂಗಳ ವೈರಲ್ ಲೋಡ್ ಬಂದಿದೆ. ವೈರಸ್ಸು ಪತ್ತೆಯಾಗಿಲ್ಲ ಎಂದು ಕಾಗದ ಹೇಳುತ್ತದೆ. ವೈರಸ್ಸು ಹೋಗಿಲ್ಲ, ಅಡಗಿದೆ. ಗುಳಿಗೆ ಬಿಟ್ಟರೆ ಮತ್ತೆ ಏಳುತ್ತದೆ. ಆದರೆ ಪತ್ತೆಯಾಗದಷ್ಟು ಕಡಿಮೆ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಚಿಕಿತ್ಸೆ ಬೇಗ ಶುರುವಾದರೆ ಸಂಗಾತಿಗೆ ಸೋಂಕು ತಪ್ಪುತ್ತದೆಂದು 2011ರಲ್ಲಿ ತೋರಿಸಿಕೊಟ್ಟ ಅಧ್ಯಯನದ 1,763 ಜೋಡಿಗಳಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು. ಹೆಂಡತಿಗೆ ಇದನ್ನು ಓದಿ ಹೇಳಿದನಂತೆ. ಈಗ ಕಾರಿನಲ್ಲಿ ಮಲಗುವುದಿಲ್ಲ.

ಸಿಡಿ4 274. ಕೆರೆಗೆ ನೀರು ಬರುತ್ತಿದೆ. ಇನ್ನಾರು ತಿಂಗಳಿಗೆ ಮತ್ತೆ ಎಣಿಕೆ. ಅದು 350ರ ಮೇಲೆ ಗಟ್ಟಿಯಾಗಿ ನಿಂತು, ವೈರಲ್ ಲೋಡ್ ಕೆಳಗೇ ಇದ್ದರೆ ಸಿಡಿ4 ಎಣಿಸುವುದನ್ನೇ ನಿಲ್ಲಿಸಬಹುದು. ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಸಾಕು.

ಹಳೇ ಕಾಗದ ಎಲ್ಲಿ ಎಂದು ಕೇಳುತ್ತೇನೆ. ಕೆರೆಯ ಚಿತ್ರ ಹಿಂಬದಿಯಲ್ಲಿತ್ತಲ್ಲ, ಅದಕ್ಕೇ ಇಟ್ಟುಕೊಂಡಿದ್ದೇನೆ ಅನ್ನುತ್ತಾನೆ. ಎಆರ್‌ಟಿ ಕೇಂದ್ರದವರು ಕೊಟ್ಟ ಹಸಿರು ಪುಸ್ತಕದ ಒಳಗಿದೆ.

ಇದನ್ನು ಓದುತ್ತಿರುವ ಯಾರಾದರೂ ಅಂಥದೊಂದು ಕಾಗದವನ್ನು ಸೀಟಿನ ಕೆಳಗೋ, ಬೀರುವಿನ ಸೀರೆಗಳ ನಡುವೆಯೋ, ಫೋನಿನ ಯಾವುದೋ ಫೋಲ್ಡರಿನಲ್ಲೋ ಬಚ್ಚಿಟ್ಟಿದ್ದರೆ, ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ: ಈ ವಾರವೇ ಐಸಿಟಿಸಿಗೆ ಹೋಗಿ. ನಿಮ್ಮೂರಿನದು ಬೇಡವಾದರೆ ಪಕ್ಕದೂರಿನದಕ್ಕೆ ಹೋಗಿ. ಒಬ್ಬರೇ ಹೋಗಲಾಗದಿದ್ದರೆ ನಂಬಿಕೆಯಿರುವ ಒಬ್ಬರನ್ನು ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ. ಅದು ಉಚಿತ, ನಿಮ್ಮ ಹೆಸರು ಹೇಳಬೇಕಾಗಿಲ್ಲ.